ಹಳೇ ಹಂಚಿನ ಮನೆ: ಮಳೆಗೆ ಮುಂಚೆ ಯಾವ ಕೆಲಸ ಮೊದಲು?

ಪ್ರಶ್ನೆ (ತೀರ್ಥಹಳ್ಳಿ):
ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಮನೆ ನಮ್ಮದು. ಅಡುಗೆಮನೆ ಮೇಲೆ ಹಂಚು ಸೋರುತ್ತಿದೆ. ಪಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ಗೆದ್ದಲು ಹತ್ತಿದೆ. ವೈರಿಂಗ್ ಹಳೆಯದು, ಅರ್ಥಿಂಗ್ ಇಲ್ಲ. ಗೋಡೆ ಬುಡದಲ್ಲಿ ಗಾರೆ ಉದುರುತ್ತಿದೆ, ಮೇಸ್ತ್ರಿ ಸಿಮೆಂಟ್ ಬಳಿಯೋಣ ಅಂತಾರೆ. ಅಮ್ಮ ಒಬ್ಬರೇ ಇರೋದು. ಅಡಿಕೆ ದುಡ್ಡಲ್ಲಿ ಎಲ್ಲ ಒಟ್ಟಿಗೆ ಆಗಲ್ಲ. ಯಾವುದು ಮೊದಲು?

ಉತ್ತರ (ಸಾಗರ):
ಚಾವಣಿ ಮೊದಲು. ನೀರು ಇಳಿದರೆ ಮರವೂ ಹೋಗುತ್ತೆ, ಗೋಡೆಯೂ ಹೋಗುತ್ತೆ. ಏಪ್ರಿಲ್‌ನಲ್ಲೇ ಹಂಚು ಇಳಿಸಿ. ಪಕಾಸಿ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬದಲಾಯಿಸಿ. ಹಳೇ ಹಂಚು ಬಿಸಾಡಬೇಡಿ, ಪಾಚಿ ಉಜ್ಜಿ ತೆಗೆದರೆ ಮತ್ತೆ ಬಳಸಬಹುದು. ಹೊಸ ಹಂಚಿನ ಅಚ್ಚು ಹಳೆಯದಕ್ಕೆ ಸರಿಯಾಗಿ ಕೂರದೇ ಇರಬಹುದು. ಎರಡನ್ನೂ ಬೆರೆಸಬೇಡಿ, ಸಂದಿಯಲ್ಲಿ ಸೋರುತ್ತೆ.

ಉತ್ತರ (ಹೊಸನಗರ):
ಮಣ್ಣಿನ ಗೋಡೆಗೆ ಸಿಮೆಂಟ್ ಬೇಡವೇ ಬೇಡ ಮಾರಾಯ್ರೆ. ನೆಲದಿಂದ ಏರಿದ ತೇವ ಒಳಗೇ ನಿಂತು ಪದರ ಕಳಚಿ ಬೀಳುತ್ತೆ. ಸುಣ್ಣದ ಗಾರೆ ಮಾಡಿಸಿ. ಸೂರಿನ ನೀರು ಬುಡಕ್ಕೆ ಎರಚದ ಹಾಗೆ ಸೂರಿನ ಅಂಚಿಗೆ ತಗಡಿನ ದೋಣಿ (ನೀರು ಹರಿದುಹೋಗುವ ಕೊಳವೆ) ಕಟ್ಟಿಸಿ.

ಉತ್ತರ (ಶಿವಮೊಗ್ಗ):
ಅಮ್ಮ ಒಬ್ಬರೇ ಅಂದ್ರಲ್ಲ, ಚಾವಣಿಗೂ ಮುಂಚೆ ಅರ್ಥಿಂಗ್ ಮಾಡಿಸಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅನ್ನೋ ಸೇಫ್ಟಿ ಸ್ವಿಚ್ ಹಾಕಿಸಿ. ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಆಗುತ್ತೆ.

ಪ್ರಶ್ನೆ ಕೇಳಿದವರು:
ಅರ್ಥಿಂಗ್ ಈ ವಾರವೇ ಮಾಡಿಸ್ತೇನೆ. ಕೊಯ್ಸಿಟ್ಟ ಹಲಸಿನ ಮರ ಒಣಗಿದೆ, ಪಕಾಸಿಗೆ ಸಾಕಾಗುತ್ತೆ. ಸುಣ್ಣದ ಗಾರೆ ಗೊತ್ತಿರೋ ಮೇಸ್ತ್ರಿ ಹೊಸನಗರದ ಕಡೆ ಯಾರಾದ್ರೂ ಇದ್ದಾರಾ?