1996ರ ಸಾಂ-ಜೂಲಿಯಾಂ ವೈನ್: ತೆರೆಯುವ ಬಗೆ ಮತ್ತು ಜೊತೆಗಿನ ಊಟ

ಪ್ರಶ್ನೆ (ತುಲೂಸ್ ನಿವಾಸಿ):
ನಿವೃತ್ತರಾದ ನನ್ನ ಫ್ರೆಂಚ್ ಸಹೋದ್ಯೋಗಿಯೊಬ್ಬರು ಬೋರ್ದೋ ಸೀಮೆಯ ಸಾಂ-ಜೂಲಿಯಾಂ ಗ್ರಾಮದ 1996ರ ಕೆಂಪು ವೈನನ್ನು ಉಡುಗೊರೆಯಾಗಿ ಕೊಟ್ಟಿದ್ದಾರೆ. ಬರುವ ಶನಿವಾರ ಅವರನ್ನೂ ಅವರ ಪತ್ನಿಯನ್ನೂ ಊಟಕ್ಕೆ ಕರೆದು, ಅವರೊಂದಿಗೇ ಅದನ್ನು ಸವಿಯಬೇಕೆಂದಿದ್ದೇವೆ. ಇಷ್ಟು ಹಳೆಯ ವೈನನ್ನು ಎಷ್ಟು ಮುಂಚಿತವಾಗಿ ತೆರೆಯಬೇಕು? ನಮ್ಮ ಕಡೆಯ ಮಟನ್ ಸಾರು ಬಡಿಸುವ ಆಸೆಯಿದೆ, ಅದು ಹೊಂದುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ದ್ರಾಕ್ಷಾಪ್ರಿಯ):
ಸಾಂ-ಜೂಲಿಯಾಂ ಇರುವ ಮೆದೋಕ್ ಭಾಗದಲ್ಲಿ 1996 ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಗೆ ಬಹಳ ಒಳ್ಳೆಯ ವರ್ಷ, ಆದ್ದರಿಂದ ಚೆನ್ನಾಗಿ ಕಾಪಾಡಿದ ಬಾಟಲಿಯಾದರೆ ನಿಶ್ಚಿಂತೆಯಿಂದಿರಿ. ಗುರುವಾರವೇ ಅದನ್ನು ನೆಟ್ಟಗೆ ನಿಲ್ಲಿಸಿಡಿ. ಒಗರು ಕೊಡುವ ಟ್ಯಾನಿನ್ ಮತ್ತು ಬಣ್ಣದ ಅಂಶಗಳು ವರ್ಷಗಳು ಕಳೆದಂತೆ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ಗಸಿಯಾಗುತ್ತವೆ. ಅದು ತಳ ಸೇರಲು ಸಮಯ ಬೇಕು. ಹಳೆಯ ಬಿರಡೆ ಪುಡಿಯಾಗುವ ಸಂಭವವಿರುವುದರಿಂದ, ಬಿರಡೆ ತೆಗೆಯುವ ಮಾಮೂಲಿ ಸುರುಳಿಯ ಬದಲು ಎರಡು ತೆಳು ಅಲಗುಗಳಿರುವ ಸಾಧನವನ್ನು ಬಳಸುವುದು ಮೇಲು. ಬಾಟಲಿಯ ಕೊರಳಿನ ಹಿಂದೆ ಟಾರ್ಚ್ ಹಿಡಿದು ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿ, ಗಸಿಯ ಎಳೆ ಕಂಡ ಕೂಡಲೇ ನಿಲ್ಲಿಸಿ. ಇದನ್ನು ಊಟಕ್ಕೆ ಕೂರುವ ಮುನ್ನವಷ್ಟೇ ಮಾಡಿ, ಏಕೆಂದರೆ ಹಳೆಯ ವೈನಿನ ಘಮ ಗಾಳಿಗೆ ಬೇಗ ಸೊರಗುತ್ತದೆ.

ಉತ್ತರ (ಅಡುಗೆ ಆಸಕ್ತೆ):
ಮಟನ್ ಸಾರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ ಎನ್ನುವುದೇ ನನ್ನ ಸ್ಪಷ್ಟ ಅಭಿಪ್ರಾಯ. ಒಣಮೆಣಸಿನ ಖಾರವು ವೈನಿನ ಒಗರನ್ನೂ ಆಲ್ಕೋಹಾಲಿನ ಉರಿಯನ್ನೂ ಎತ್ತಿ ತೋರಿಸುತ್ತದೆ. ಚಕ್ಕೆ, ಲವಂಗಗಳ ಘಾಟಿನ ಮುಂದೆ, ಮೂರು ದಶಕಗಳಲ್ಲಿ ರೂಪುಗೊಂಡ ದೇವದಾರು, ಹೊಗೆಸೊಪ್ಪು, ಒದ್ದೆ ತರಗೆಲೆ, ಚರ್ಮದ ನವಿರಾದ ವಾಸನೆಗಳು ಮೂಗಿಗೆ ತಲುಪುವುದೇ ಇಲ್ಲ. ಸಾಂ-ಜೂಲಿಯಾಂಗೆ ಉತ್ತರದಲ್ಲೇ ಇರುವ ಪೊಯ್ಯಾಕ್ ಎಳೆ ಕುರಿಮರಿಯ ಮಾಂಸಕ್ಕೆ ಹೆಸರಾದ ಊರು. ಆ ಮಾಂಸದ ತೊಡೆಭಾಗವನ್ನು ಬೆಳ್ಳುಳ್ಳಿ, ಥೈಮ್, ಉಪ್ಪು ಸವರಿ ಓವನ್‌ನಲ್ಲಿ ಸುಟ್ಟು, ಒಳಗೆ ನಸುಗೆಂಪಿರುವಾಗಲೇ ತೆಗೆದು, ಬೇಯಿಸಿದ ಬಿಳಿ ಹುರುಳಿಕಾಯಿ ಬೀಜಗಳೊಂದಿಗೆ ಬಡಿಸಿ. ಮಾಂಸ ತಿನ್ನದವರಿದ್ದರೆ, ಬೆಣ್ಣೆಯಲ್ಲಿ ಹುರಿದ ಸೆಪ್ ಅಣಬೆ ಈ ವೈನಿನ ಮಣ್ಣಿನ ಘಮಕ್ಕೆ ಅಷ್ಟೇ ಒಪ್ಪುತ್ತದೆ. ಚೀಸ್ ಇಡುವುದಾದರೆ ಕೊಂತೆ ಸಾಕು. ನೀಲಿ ಚೀಸ್ ಆದ ರೋಕ್‌ಫೋರ್‌ನ ಉಪ್ಪು ಮತ್ತು ತೀಕ್ಷ್ಣತೆ ಇದನ್ನು ನುಂಗಿಬಿಡುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸಾರಿನ ಆಸೆ ಬಿಟ್ಟು ಕುರಿಮರಿಯ ತೊಡೆಯನ್ನೇ ತರುತ್ತೇನೆ. ವೈನನ್ನು ತಂಪು ಮಾಡಬೇಕೇ?

ಉತ್ತರ (ಹಳೆಯ ಸದಸ್ಯ):
16ರಿಂದ 18 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಬೇಸಿಗೆಯ ಕೋಣೆಯ ಬಿಸಿ ಇದಕ್ಕೆ ಆಗದು. ಗಾಳಿಯ ವಿಷಯದಲ್ಲಿ ಮಾತ್ರ ನಾನು ಮೊದಲ ಉತ್ತರವನ್ನು ಪೂರ್ತಿ ಒಪ್ಪಲಾರೆ. 1996ರ ಮೆದೋಕ್ ವೈನುಗಳಲ್ಲಿ ಎಷ್ಟೋ ಇನ್ನೂ ಬಿಗಿಯಾಗಿಯೇ ಇರುತ್ತವೆ, ಹಾಗಾಗಿ ಅತಿಥಿಗಳು ಬರುವ ಮುನ್ನ ಒಂದು ಗುಟುಕು ರುಚಿ ನೋಡಿ ನಿರ್ಧರಿಸಿ: ಘಮ ಮುದುಡಿಕೊಂಡಿದ್ದರೆ ಅರ್ಧ ಗಂಟೆ ಹೂಜಿಯಲ್ಲಿರಲಿ, ಅರಳಿದ್ದರೆ ತಡಮಾಡದೆ ಬಡಿಸಿ. ಒದ್ದೆ ರಟ್ಟಿನಂತಹ ಮುಗ್ಗುವಾಸನೆ ಬಂದರೆ ಅದು ಬಿರಡೆಯ ದೋಷ, ಎಷ್ಟು ಕಾದರೂ ಹೋಗುವುದಿಲ್ಲ. ಆ ಸಂದರ್ಭಕ್ಕೆಂದು ಮತ್ತೊಂದು ಬಾಟಲಿ ಮನೆಯಲ್ಲಿರಲಿ.