ಸಹಾಯ ಬೇಕು: ಆಟಿ ಮಳೆಯಲ್ಲಿ ರೆಡಿಮೇಡ್ ಆಟಿಕೆ ಟ್ಯಾಂಕುಗಳಿಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್

ಎಲ್ಲರಿಗೂ ನಮಸ್ಕಾರ, ಕುಂಬಳೆಯಿಂದ ಬರೆಯುತ್ತಿದ್ದೇವೆ. ಬಣ್ಣ ಹಚ್ಚಿಯೇ ಬರುವ 1:72 ಅಳತೆಯ ಆರು ಸೋವಿಯತ್ ಟಿ-34/85, ಎರಡು ಜರ್ಮನ್ ಟೈಗರ್ ಟ್ಯಾಂಕುಗಳನ್ನು ಮೇಜಿನ ಯುದ್ಧದಾಟಕ್ಕೆ ಸಜ್ಜು ಮಾಡುತ್ತಿದ್ದೇವೆ. ಜೊತೆಗಿರುವ ಸೈನಿಕರ ಗೊಂಬೆಗಳು 20 ಮಿ.ಮೀ. ಎತ್ತರದವು, ಹಾಗಾಗಿ ಅಳತೆಯ ತೊಂದರೆಯಿಲ್ಲ. 28 ಮಿ.ಮೀ. ಸೈನಿಕರ ಪಕ್ಕ ಇವು ತೀರಾ ಸಣ್ಣದಾಗುತ್ತವೆ: 1:56ರಲ್ಲಿ ಟಿ-34ರ ಒಡಲು ಸುಮಾರು 109 ಮಿ.ಮೀ., 1:72ರ ಇದು 85 ಮಿ.ಮೀ. ಮಾತ್ರ.

ಪೀಠದ ಸ್ಕ್ರೂ ಬಿಚ್ಚಿ, ಸಾಬೂನು ನೀರಲ್ಲಿ ಮೆದು ಬ್ರಷ್‌ನಿಂದ ತೊಳೆದು, ಒಂದು ದಿನ ಒಣಗಿಸಿ, ಎಂಜಿನ್ ಜಾಲರಿಗೂ ಗಾಲಿಗಳ ಸಂದಿಗೂ ತೆಳು ಕಂದು ವಾಶ್ (ಸಂದುಗಳಲ್ಲಿ ಇಳಿದು ನಿಲ್ಲುವ ನೀರಾದ ಬಣ್ಣ) ಕೊಟ್ಟಾಗಿದೆ. ಅಷ್ಟರಿಂದಲೇ ಆಟಿಕೆಯ ಹೊಳಪು ಬಹುಪಾಲು ಹೋಯಿತು, ಚೆಂದ ಕಾಣುತ್ತದೆ.

ಕಷ್ಟ ಮುಂದಿನದು. ಸ್ಪ್ರೇ ಮ್ಯಾಟ್ ವಾರ್ನಿಶ್ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ ಎಂಬುದು ಗೊತ್ತು. ಮೇಲೆ ಹೊಳಪಿನ (ಗ್ಲಾಸ್) ವಾರ್ನಿಶ್ ಕೊಟ್ಟರೆ ಮಂಜು ಮಾಯ, ಆದರೆ ಹೊಳಪು ವಾಪಸ್. ನೀರಿನ ಅಕ್ರಿಲಿಕ್ ಮ್ಯಾಟನ್ನು ಬ್ರಷ್‌ನಲ್ಲಿ ಹಚ್ಚಿದರೆ ಗೋಪುರದ ಮೇಲೆ ಗೆರೆ ಉಳಿಯುತ್ತದೆ. ಎಷ್ಟು ನೀರು ಬೆರೆಸಬೇಕು, ಎಷ್ಟು ಪದರ?

ಇನ್ನೊಂದು, ಗಾಲಿಗಳ ಸುತ್ತ ಸುತ್ತಿರುವ ಮೆದು ವಿನೈಲ್ ಚೈನಿನ ಬಣ್ಣ ಬಾಗಿದಲ್ಲೆಲ್ಲ ಸಿಪ್ಪೆಯೇಳುತ್ತಿದೆ. ಗಾಲಿಗೆ ಅಂಟಿಸಿ ಅಲುಗದಂತೆ ಮಾಡಿ ಮತ್ತೆ ಬಳಿದರೆ ನಿಲ್ಲುತ್ತದೆಯೇ? ಯಾವ ಅಂಟು? ಕರಾವಳಿಯ ಮಳೆಗಾಲದಲ್ಲೇ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.