ಪದಚರ್ಚೆ: ‘ಪಾಪರ್’ ಅನ್ನು ‘ಬುಳಕುಹುಳ’ ಎನ್ನಬಹುದೇ?

ಗೆಳೆಯರೇ,

ಗಾಳ ಹಾಕುವವರು ಪಾಪರ್ ಎಂದು ಕರೆಯುವ ಹುಸಿ ಹುಳವೊಂದಿದೆ. ನೀರಿನ ಮೇಲೆ ತೇಲುತ್ತದೆ. ಅದನ್ನು ಕಟ್ಟುವ ಬಗೆಯನ್ನು ಬೆಂಗಳೂರಿನ ನಮ್ಮ ಕೆಲವು ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಪಾಪರ್ ಎಂದೇ ಕೇಳಲಿ, ತಕರಾರಿಲ್ಲ. ಆದರೆ ಓದಿದ ಕೂಡಲೇ ಕೈಗೆ ಕೆಲಸ ಗೊತ್ತಾಗುವ ಮಾತು ಬೇಕು.

ಕಾರ್ಕ್ ಅಥವಾ ಫೋಮಿನ ಚಿಕ್ಕ ಮೈ, ಹಿಂದೆ ಗರಿಯ ಬಾಲ. ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದಲೂ ಮೈ ಮಾಡಬಹುದು. ಮುಖವನ್ನು ಒಳಕ್ಕೆ ತೋಡಿರುತ್ತಾರೆ. ದಾರವನ್ನು ಗಕ್ಕನೆ ಎಳೆದರೆ ಆ ಗುಳಿ ನೀರನ್ನು ಮುಂದಕ್ಕೆ ತಳ್ಳುತ್ತದೆ, ಗುಳ್ಳೆ ಏಳುತ್ತದೆ, ಸದ್ದಾಗುತ್ತದೆ. ಕಪ್ಪೆಯೋ ಮಿಡತೆಯೋ ಒದ್ದಾಡುತ್ತಿದೆ ಅಂತ ಕೊರಮೀನು ಮೇಲೆ ಬಂದು ಎರಗುತ್ತದೆ.

ಮೊದಲು ಹೊಳೆದ ಪದ ‘ಬೆಂಡು’. ಹಳೆಯ ಪದ, ಚೆನ್ನಾಗಿಯೂ ಇದೆ. ಆದರೆ ಗಾಳದವರಿಗೆ ಬೆಂಡು ಅಂದರೆ ಬೇರೆ: ಗಾಳಕ್ಕಿಂತ ಮೇಲೆ ದಾರಕ್ಕೆ ಕಟ್ಟುವುದು, ಮೀನು ಕಚ್ಚಿದರೆ ಮುಳುಗಿ ತೋರಿಸುವುದು. ಪಾಪರ್‌ನಲ್ಲಿ ಬೆಂಡೇ ಗಾಳದ ಮೇಲೆ ಕೂತಿರುತ್ತದೆ. ಹಾಗಾಗಿ ಅದನ್ನು ಬಿಟ್ಟೆ. ಗರಿ, ದಾರ ಕಟ್ಟಿ ಮಾಡುವ ಹುಸಿ ಹುಳಗಳನ್ನು ಇಂಗ್ಲಿಷಿನಲ್ಲಿ ಫ್ಲೈ ಎನ್ನುತ್ತಾರೆ, ಆದರೆ ಅದರ ನೇರ ಅನುವಾದ ‘ನೊಣ’ವೂ ಸರಿಹೋಗಲಿಲ್ಲ. ಕಾರ್ಕಿನ ಪಾಪರ್ ಹೆಸರುವಾಸಿಯಾದದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ಚಟ್ಟನೂಗಾ ಊರಿನ ಅರ್ನೆಸ್ಟ್ ಪೆಕಿನ್‌ಪಾ ಅವರಿಂದ. ಅಲ್ಲಿಯವರೂ ಇದನ್ನು ಪಾಪಿಂಗ್ ಬಗ್ ಎನ್ನುತ್ತಾರೆ. ಬಗ್ ಅಂದರೆ ನಮ್ಮ ಹುಳವೇ ಅಲ್ವಾ?

ಇನ್ನು ಸದ್ದು. ನನಗೆ ಇದೇ ಮುಖ್ಯ, ಸದ್ದು ಮಾಡದಿದ್ದರೆ ಅದು ಪಾಪರ್ ಅಲ್ಲ. ಅದೇ ಮೈಯನ್ನು ತಿರುಗಿಸಿ ಚೂಪು ತುದಿ ಮುಂದೆ ಬರುವಂತೆ ಕೂರಿಸಿದರೆ ಸದ್ದಿಲ್ಲದೆ ಜಾರುತ್ತದೆ, ಅದರ ಹೆಸರು ಸ್ಲೈಡರ್. ನಮ್ಮಲ್ಲಿ ನೀರಿನ ಸದ್ದಿಗೆ ಪದಗಳು ಬೇಕಾದಷ್ಟಿವೆ. ‘ಡುಬುಕ್’ ಅಂದರೆ ಏನೋ ಬಿದ್ದು ಮುಳುಗಿದ ಸದ್ದು. ‘ಗುಳುಂ’ ನುಂಗುವ ಸದ್ದು, ಅದು ಮೀನಿನದು. ‘ಬುಳಕ್’ನಲ್ಲಿ ಮಾತ್ರ ನೀರೂ ಗಾಳಿಯೂ ಒಟ್ಟಿಗೆ ಕೇಳಿಸುತ್ತವೆ. ಪೀಪಿ, ಫಟ್‌ಫಟಿ ಎಂದು ಸದ್ದಿನಿಂದಲೇ ಹೆಸರಿಡುವ ರೂಢಿ ನಮ್ಮಲ್ಲಿದೆ. ಹಾಗಾಗಿ ‘ಬುಳಕುಹುಳ’ ಎಂದು ಬರೆದಿದ್ದೇನೆ. ಸ್ಲೈಡರ್‌ಗೆ ‘ಜಾರುಹುಳ’.

ಕ್ರಿಯಾಪದದಲ್ಲಿ ಕಷ್ಟವಾಗಲಿಲ್ಲ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಹಾಗೆಯೇ ಇಲ್ಲೂ ದಾರದ ಸುತ್ತು ಬಿಗಿಯಾಗುತ್ತಲೇ ಒಂದೊಂದನ್ನೂ ಹಿಡಿದುಕೊಳ್ಳುತ್ತದೆ. ಒಟ್ಟು ಕೆಲಸಕ್ಕೆ ‘ಕಟ್ಟು’, ಒಂದೊಂದು ಹಂತಕ್ಕೆ ‘ಸುತ್ತು’. ಮೊದಲು ಗಾಳದ ಕಡ್ಡಿಗೆ ದಾರ ಸುತ್ತಬೇಕು. ಬರೀ ಲೋಹಕ್ಕೆ ಗೋಂದು ಸರಿಯಾಗಿ ಹಿಡಿಯುವುದಿಲ್ಲ, ಮೈ ಗಿರ್ರನೆ ತಿರುಗಿಬಿಡುತ್ತದೆ. ಆಮೇಲೆ ಕಾರ್ಕಿನ ಹೊಟ್ಟೆ ಸೀಳಿ ಕಡ್ಡಿಯನ್ನು ಅದರೊಳಗೆ ಕೂರಿಸುವುದು. ಕಡ್ಡಿ ಹೊಟ್ಟೆಯ ಅಂಚಿನಲ್ಲೇ ಇರಬೇಕು. ಜಾಸ್ತಿ ಒಳಗೆ ಹೋದರೆ ಗಾಳದ ಬಾಯಿ ಕಿರಿದಾಗಿ ಮೀನಿಗೆ ಚುಚ್ಚುವುದೇ ಇಲ್ಲ. ಬಾಲಕ್ಕೆ ಹುಂಜದ ಕುತ್ತಿಗೆ ಗರಿ. ಇಷ್ಟೂ ಸಲೀಸಾಗಿ ಬಂತು.

ಸಿಕ್ಕಿಹಾಕಿಕೊಂಡಿರುವುದು ‘ಕಣ್ಣು’ ಎಂಬಲ್ಲಿ. ದಾರ ಪೋಣಿಸುವ ಗಾಳದ ತೂತನ್ನು ಸೂಜಿಯಲ್ಲಿದ್ದಂತೆ ಕಣ್ಣು ಎಂದೆ. ಹುಳದ ಮುಖಕ್ಕೆ ಬಣ್ಣದಲ್ಲಿ ಬರೆಯುವುದೂ ಕಣ್ಣೇ. ‘ಕಣ್ಣಿಗೆ ಗೋಂದು ತಾಗಬಾರದು’ ಎಂದರೆ ಯಾವುದು? ಸುಮ್ನೆ ‘ತೂತು’ ಎನ್ನೋಣವೆಂದರೆ ಮೈಯಲ್ಲಿ ರಬ್ಬರ್ ಕಾಲು ತೂರಿಸುವ ತೂತುಗಳೂ ಇವೆ. ‘ಬಳೆ’ ಎಂದು ಬರೆಯಬಹುದೇ? ಕರಾವಳಿಯಲ್ಲಿ, ಕಾವೇರಿ ದಂಡೆಯಲ್ಲಿ ಗಾಳ ಹಾಕುವವರು ಅದಕ್ಕೆ ಏನನ್ನುತ್ತಾರೆ? ಕೆಲವು ಕಡೆ ಗಾಳವನ್ನೇ ಗಾಣ ಎನ್ನುವುದುಂಟು. ಹಾಗೆನ್ನುವ ಊರಿನವರು ಇದ್ದರೆ ತಮ್ಮ ಮನೆಮಾತಿನ ಪದವನ್ನು ದಯವಿಟ್ಟು ಬರೆಯಿರಿ. ಬುಳಕುಹುಳಕ್ಕಿಂತ ಒಳ್ಳೆಯ ಹೆಸರಿದ್ದರೆ ಅದನ್ನೂ ತಿಳಿಸಿ.